ಶೆಡ್ಡಿನ ನೆಲಕ್ಕೆ ನೀರಿನ ಲೆಕ್ಕ

ನಮ್ಮ ಅಡಿಕೆ ತೋಟದ ಮೇಲ್ತುದಿಯಲ್ಲಿ, ಧರೆಯ ಪಕ್ಕಕ್ಕೆ, 10 ಅಡಿ ಅಗಲ 12 ಅಡಿ ಉದ್ದದ ಒಂದು ಶೆಡ್ಡಿದೆ. ಕಳೆ ಕೊಚ್ಚುವ ಯಂತ್ರ, ಔಷಧಿ ಹೊಡೆಯುವ ಪಂಪು, ಪೈಪಿನ ಸುರುಳಿ, ಗೊಬ್ಬರದ ಚೀಲ, ಗುದ್ದಲಿ, ಪಿಕಾಸಿ, ಏಣಿ ಎಲ್ಲವೂ ಅದರೊಳಗೆ. ಈಗಿರುವುದು ಆ ಶೆಡ್ಡಿನ ಎರಡನೆಯ ನೆಲ. ಮೊದಲನೆಯದನ್ನು ಹಾಕಿಸಿದ್ದು ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವುದರೊಳಗೆ ಮುಗಿಸಬೇಕೆಂಬ ತರಾತುರಿಯಲ್ಲಿ. ಧರೆ ಕಡಿದು ಬಂದ ಮಣ್ಣನ್ನೇ ಇಳುಕಲಿನ ಕಡೆಗೆ ಎಳೆದು ಮಟ್ಟ ಮಾಡಿ, ಮಾರನೆಯ ದಿನವೇ ಅದರ ಮೇಲೆ ಕಾಂಕ್ರೀಟ್ ಸುರಿಸಿದೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನೆಲದ ನಟ್ಟನಡುವೆ ಬಿರುಕು ಬಿಟ್ಟು, ಇಳುಕಲಿನ ಕಡೆಯ ಅರ್ಧ ಒಂದೂವರೆ ಇಂಚು ಕುಸಿದಿತ್ತು. ಬಿರುಕಿನಲ್ಲಿ ಜಿನುಗಿದ ನೀರು ಯೂರಿಯಾ ಚೀಲಗಳ ತಳ ಹಿಡಿದು ಕರಗಿಸಿತ್ತು.

ಒಡೆದು ಮತ್ತೆ ಹಾಕಿಸಿದಾಗ ಹೆಚ್ಚು ಸಿಮೆಂಟ್ ಬಳಸಲಿಲ್ಲ. ಅದೇ ಅಳತೆ, ಅದೇ 4 ಇಂಚು ದಪ್ಪ, ಹೆಚ್ಚೂಕಡಿಮೆ ಅಷ್ಟೇ ಚೀಲ. ಬದಲಾದದ್ದು ನೀರಿನ ಲೆಕ್ಕ. ನೆಲದಡಿಗೆ ಹರಿದು ಬರುವ ನೀರನ್ನು ತಪ್ಪಿಸಿದೆವು, ಕಲಸುವ ನೀರನ್ನು ಕಡಿಮೆ ಮಾಡಿದೆವು, ಹಾಕಿದ ಮೇಲೆ ಕುಡಿಸುವ ನೀರನ್ನು ಹೆಚ್ಚಿಸಿದೆವು. ಆ ನೆಲ ಇವತ್ತಿಗೂ ಒಂದು ಗೆರೆ ಬಿಟ್ಟಿಲ್ಲ. ತೋಟದ ಶೆಡ್ಡು, ಪಂಪ್‌ಹೌಸು, ಸಣ್ಣ ಗೋದಾಮು ಇಂಥವಕ್ಕೆ ನೆಲ ಹಾಕಿಸುವವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳುವುದಕ್ಕೇ ಈ ಬರಹ.

ಭಾರ ಯಾವ ಕಡೆಗೆ?

ಶೆಡ್ಡಿನ ಭಾರಕ್ಕೆ ನೆಲ ಕುಸಿಯುತ್ತದೆ ಎಂದು ನಾವು ತಿಳಿದಿರುತ್ತೇವೆ. ಲೆಕ್ಕ ಹಾಕಿ ನೋಡಿ. 50 ಕೆಜಿಯ 40 ಚೀಲ ಗೊಬ್ಬರ ಪೇರಿಸಿದರೂ 2 ಟನ್. ಅದನ್ನು 120 ಚದರ ಅಡಿಗೆ ಹಂಚಿದರೆ ಚದರ ಅಡಿಗೆ 17 ಕೆಜಿ. 4 ಇಂಚು ಕಾಂಕ್ರೀಟಿನ ಸ್ವಂತ ತೂಕ ಚದರ ಅಡಿಗೆ ಇನ್ನೊಂದು 23 ಕೆಜಿ. ಎರಡೂ ಸೇರಿ 40 ಕೆಜಿ. ಒಂಟಿಕಾಲಿನಲ್ಲಿ ನಿಂತ ಮನುಷ್ಯ ತನ್ನ ಪಾದದಡಿಯ ನೆಲದ ಮೇಲೆ ಹಾಕುವ ಒತ್ತಡ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದ್ದರಿಂದ ನೆಲ ಒಡೆಯುವುದು ಭಾರ ಹೆಚ್ಚಾಗಿ ಅಲ್ಲ. ಅಡಿಯ ಮಣ್ಣು ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಸಡಿಲ ಇರುವುದರಿಂದ. ಕಾಂಕ್ರೀಟ್ ಅದುಮಿದರೆ ತಡೆಯುತ್ತದೆ, ಬಾಗಿಸಿದರೆ ತಡೆಯುವುದಿಲ್ಲ. ಎಳೆತಕ್ಕೆ ಅದರ ಬಲ ಒತ್ತಡದ ಬಲದ ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ಒಂದು ಬದಿಯ ಮಣ್ಣು ಕೂತಿತೆಂದರೆ ಆ ಬದಿಯ ಹಾಸು ಗಾಳಿಯಲ್ಲಿ ನಿಂತಂತಾಗಿ ತನ್ನ ತೂಕಕ್ಕೇ ಮುರಿಯುತ್ತದೆ.

ನಿಜವಾಗಿ ಭಯ ಪಡಬೇಕಾದ ಭಾರ ಮೇಲ್ಮುಖವಾದದ್ದು. ಏಪ್ರಿಲ್, ಮೇ ತಿಂಗಳ ಗಾಳಿಮಳೆಯಲ್ಲಿ ತಗಡಿನ ಮಾಡು ಹಾರಿ ಪಕ್ಕದ ತೋಟಕ್ಕೆ ಬಿದ್ದ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಗಾಳಿಯ ಭಾರ ಲೆಕ್ಕ ಹಾಕುವ ಭಾರತೀಯ ಮಾನಕ ಐಎಸ್ 875ರ ಪ್ರಕಾರ ಬೆಂಗಳೂರಿಗೆ ಹಿಡಿಯಬೇಕಾದ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್. ಸೆಕೆಂಡಿಗೆ 33 ಮೀಟರ್ ವೇಗದ ಗಾಳಿ 120 ಚದರ ಅಡಿಯ ಮಾಡನ್ನು ಎತ್ತಲು ಸುಮಾರು 700ರಿಂದ 750 ಕೆಜಿಯಷ್ಟು ಬಲ ಹಾಕಬಲ್ಲದು, 39 ಮೀಟರ್ ವೇಗದ್ದಾದರೆ ಒಂದು ಟನ್ ಮುಟ್ಟುತ್ತದೆ. ತಗಡು, ಪೈಪು ಎಲ್ಲ ಸೇರಿದರೂ ಮಾಡಿನ ತೂಕ 200 ಕೆಜಿ ದಾಟುವುದು ಕಷ್ಟ. ಉಳಿದದ್ದನ್ನು ಹಿಡಿದು ನಿಲ್ಲಿಸಬೇಕಾದದ್ದು ಕಂಬದ ಬುಡ.

ಹಾಗಾಗಿ ಕಂಬಗಳನ್ನು 4 ಇಂಚಿನ ಹಾಸಿನ ಮೇಲೆ ಬೋಲ್ಟ್ ಹೊಡೆದು ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಆರು ಕಂಬಕ್ಕೆ ಆರು ಗುಂಡಿ ತೆಗೆಸಿ. ಒಂದೊಂದೂ ಒಂದೂವರೆ ಅಡಿ ಚಚ್ಚೌಕ, 2 ಅಡಿ ಆಳ. ಕಂಬದ ತುದಿಗೆ ಎರಡು ತುಂಡು ಸರಳನ್ನು ಅಡ್ಡ ಬೆಸುಗೆ ಹಾಕಿಸಿ ನಿಲ್ಲಿಸಿ, ಸುತ್ತ ಕಾಂಕ್ರೀಟ್ ತುಂಬಿ. ಅಡ್ಡ ಸರಳಿಲ್ಲದ ನುಣುಪು ಪೈಪು ಕ್ರಮೇಣ ಹಿಡಿತ ಬಿಟ್ಟು ಮೇಲೆ ಜಾರುತ್ತದೆ. ಆರು ಗುಂಡಿಯ ಕಾಂಕ್ರೀಟಿಗೆ 5 ಚೀಲ ಸಿಮೆಂಟ್ ಸಾಕು, ತೂಕ ಮಾತ್ರ 1,800 ಕೆಜಿಯಷ್ಟಾಗುತ್ತದೆ. ಗಾಳಿಗೆ ಉತ್ತರ ಕೊಡುವುದು ಈ ತೂಕ. ಕಂಬದ ಗುಂಡಿಯ ಕೆಲಸ ಮುಗಿದ ಮೇಲೆಯೇ ನೆಲದ ಕೆಲಸ.

ಮಣ್ಣು ನೋಡಿ ಮುಂದಿನ ಮಾತು

ಕರ್ನಾಟಕದಲ್ಲಿ ಎಲ್ಲ ಕಡೆಗೂ ಹೊಂದುವ ಒಂದೇ ಅಡಿಪಾಯವಿಲ್ಲ. ಕೋಲಾರ, ತುಮಕೂರು ಕಡೆಯ ಗಟ್ಟಿ ಕೆಂಪು ಮಣ್ಣಿನಲ್ಲಿ ಮೇಲಿನ ಅರ್ಧ ಅಡಿ ಬೇರು, ಹುಲ್ಲು, ಕಪ್ಪುಮಣ್ಣು ಕೆತ್ತಿ ತೆಗೆದರೆ ಕೆಳಗೆ ಒಳ್ಳೆಯ ನೆಲ ಸಿಗುತ್ತದೆ. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ನೆಲವೂ ಹಾಗೆಯೇ. ಅಲ್ಲಿ ಮಣ್ಣು ಮೋಸ ಮಾಡುವುದಿಲ್ಲ, ಇಳುಕಲು ಮಾಡುತ್ತದೆ. ಒಂದು ಕಡೆ ಕಡಿದ ಗಟ್ಟಿ ಧರೆ, ಇನ್ನೊಂದು ಕಡೆ ನಾವು ತುಂಬಿಸಿದ ಸಡಿಲ ಮಣ್ಣು. ನಮ್ಮ ಮೊದಲ ನೆಲ ಮುರಿದದ್ದು ಈ ಎರಡೂ ಸೇರುವ ಗೆರೆಯ ಮೇಲೆಯೇ, ಹಗ್ಗ ಹಿಡಿದು ಎಳೆದಷ್ಟು ನೇರವಾಗಿ.

ಧಾರವಾಡ, ಗದಗ, ವಿಜಯಪುರ, ರಾಯಚೂರು, ಕಲಬುರಗಿ ಸೀಮೆಯ ಎರೆಹೊಲದ ಕತೆ ಬೇರೆ. ಎರೆಮಣ್ಣಿನಲ್ಲಿರುವ ಒಂದು ಬಗೆಯ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಅಗಲ ಬಾಯಿ ಬಿಡುತ್ತದೆ. ಅದರ ಮೇಲೆ ನೇರವಾಗಿ ಹಾಕಿದ ಹಾಸು ಮಳೆಗಾಲದಲ್ಲಿ ಅಂಚಿನಲ್ಲಿ ಮೇಲೇಳುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಹಾಸಿನ ನಡುಭಾಗದ ಕೆಳಗಿನ ಮಣ್ಣಿಗೆ ಮಳೆ, ಬಿಸಿಲು ಎರಡೂ ತಾಗುವುದಿಲ್ಲವಾದ್ದರಿಂದ ಅದು ಅಲುಗುವುದಿಲ್ಲ. ಅಂಚು ಅಲುಗಿ ನಡು ಅಲುಗದಿದ್ದರೆ ಕಾಂಕ್ರೀಟ್ ಎಷ್ಟು ವರ್ಷ ತಡೆದೀತು? ಐಐಟಿ ಬಾಂಬೆಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿ ಅವರು 1970ರ ದಶಕದಲ್ಲಿ ಇದೇ ಎರೆಮಣ್ಣಿನ ಮೇಲೆ ದೊಡ್ಡ ಸಂಶೋಧನೆ ನಡೆಸಿದರು. ಎರೆಯ ಮೇಲೆ ಉಬ್ಬದ, ಆದರೆ ಅಂಟುಗುಣವಿರುವ ಗರಸಿನಂಥ ಮಣ್ಣಿನ ಪದರ ಹಾಕಿ ದಮ್ಮಸು ಮಾಡಿದರೆ ಕೆಳಗಿನ ಉಬ್ಬು ತಗ್ಗುತ್ತದೆ ಎಂಬುದು ಅವರು ತೋರಿಸಿಕೊಟ್ಟ ದಾರಿ. ಮಲಪ್ರಭಾ ಕಾಲುವೆಗಳ ಕೆಲಸದಲ್ಲಿ ಅದು ಬಳಕೆಗೂ ಬಂತು. ಶೆಡ್ಡಿನ ಮಟ್ಟಿಗೆ ಇದರ ಅರ್ಥ ಇಷ್ಟು: ಕನಿಷ್ಠ 2 ಅಡಿ, ಸಾಧ್ಯವಾದರೆ 3 ಅಡಿ ಎರೆ ತೆಗೆದುಬಿಡಿ. ಹಾಸಿಗಿಂತ ಸುತ್ತಲೂ ಎರಡಡಿ ಅಗಲವಾಗಿ ತೆಗೆಯಿರಿ. ಆ ಜಾಗಕ್ಕೆ ಗರಸು ತುಂಬಿ ಪದರ ಪದರವಾಗಿ ದಮ್ಮಸು ಹೊಡೆಸಿ. ಮರಳು ಮಾತ್ರ ತುಂಬಬೇಡಿ. ಮರಳಿನ ಗುಂಡಿ ಎರೆಹೊಲದಲ್ಲಿ ನೀರಿನ ತೊಟ್ಟಿಯಾಗಿ ಕೆಳಗಿನ ಮಣ್ಣನ್ನು ಇನ್ನಷ್ಟು ಉಬ್ಬಿಸುತ್ತದೆ.

ತುಂಬಿದ ಮಣ್ಣು ಯಾವುದೇ ಇರಲಿ, ಒಮ್ಮೆಗೆ 6 ಇಂಚಿಗಿಂತ ಹೆಚ್ಚು ಹಾಕಬಾರದು. ಎರಡಡಿ ಒಟ್ಟಿಗೆ ಸುರಿದು ಮೇಲಿನಿಂದ ದಮ್ಮಸು ಹೊಡೆದರೆ ಮೇಲಿನ ಗೇಣು ಗಟ್ಟಿಯಾಗಿ ಕೆಳಗಿನದು ಹಾಗೇ ಸಡಿಲ ಉಳಿಯುತ್ತದೆ. ಮಣ್ಣಿನ ಹದಕ್ಕೊಂದು ಹಳೆಯ ಪರೀಕ್ಷೆಯಿದೆ. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆ ಕಟ್ಟಬೇಕು, ಸೊಂಟದ ಎತ್ತರದಿಂದ ಬಿಟ್ಟರೆ ಆ ಉಂಡೆ ಒಡೆದು ಚೂರಾಗಬೇಕು. ಉಂಡೆ ಕಟ್ಟದಿದ್ದರೆ ನೀರು ಚಿಮುಕಿಸಿ, ಬಿದ್ದರೂ ಒಡೆಯದಿದ್ದರೆ ಒಂದು ದಿನ ಒಣಗಲು ಬಿಡಿ. ಒಣ ಮಣ್ಣಿನ ಕಣ ಒಂದಕ್ಕೊಂದು ಜಾರಿ ಕೂರುವುದಿಲ್ಲ, ಕೆಸರು ಮಣ್ಣು ಪೆಟ್ಟು ಬಿದ್ದಲ್ಲಿ ತಗ್ಗಿ ಪಕ್ಕದಲ್ಲಿ ಉಬ್ಬುತ್ತದೆ. ಸಾಧ್ಯವಿದ್ದರೆ ಮಣ್ಣು ತುಂಬಿ ಒಂದು ಮಳೆಗಾಲ ಹಾಗೇ ಬಿಟ್ಟುಬಿಡಿ. ಅದಕ್ಕಿಂತ ಒಳ್ಳೆಯ ದಮ್ಮಸು ಇಲ್ಲ.

ನೆಲದಡಿಯ ನೀರು

ಮಾಡಿನಿಂದ ಬೀಳುವ ನೀರು ಎಷ್ಟೆಂದು ಹೆಚ್ಚಿನವರು ಎಣಿಸುವುದೇ ಇಲ್ಲ. 120 ಚದರ ಅಡಿ ಮಾಡಿನ ಮೇಲೆ ಒಂದು ದಿನಕ್ಕೆ 100 ಮಿ.ಮೀ. ಮಳೆ ಬಿದ್ದರೆ 1,100 ಲೀಟರ್ ನೀರು ಸೂರಿನಿಂದ ಇಳಿಯುತ್ತದೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆಯೇ 7,000 ಮಿ.ಮೀ. ಮೀರುತ್ತದೆ. ಅಷ್ಟೂ ನೀರು ಬೀಳುವುದು ಅಡಿಪಾಯದ ಅಂಚಿನಲ್ಲಿ. ಅದರ ಜೊತೆಗೆ ಧರೆಯಿಂದ ಬಸಿದು ಬರುವ ಒರತೆ. ಆದ್ದರಿಂದ ಕಾಂಕ್ರೀಟಿಗೆ ಮುಂಚೆ ಬಸಿಗಾಲುವೆ ತೆಗೆಸಿ. ಮೇಲಿನ ಬದಿಯಲ್ಲಿ ಶೆಡ್ಡಿನಿಂದ 3 ಅಡಿ ದೂರಕ್ಕೆ, ಒಂದಡಿ ಆಳ, ಎರಡೂ ಪಕ್ಕಕ್ಕೆ ನೀರು ತಿರುಗಿ ಕೆಳಗೆ ಹೋಗುವಂತೆ ಇರಲಿ. ಮಾಡಿನ ಸೂರು ಹಾಸಿನ ಅಂಚಿಗಿಂತ ಒಂದೂವರೆ ಅಡಿಯಾದರೂ ಹೊರಗೆ ಚಾಚಲಿ. ನೆಲದ ಮೇಲ್ಮೈ ಸುತ್ತಲಿನ ಜಾಗಕ್ಕಿಂತ 9 ಇಂಚು ಎತ್ತರದಲ್ಲಿರಲಿ. ಟಿಲ್ಲರು ಒಳಗೆ ಬರಬೇಕಿದ್ದರೆ ಬಾಗಿಲಿನ ಮುಂದೆ ಒಂದು ಇಳಿಜಾರು ಹಾಸು ಹಾಕಿಕೊಂಡರಾಯಿತು, ಅದಕ್ಕಾಗಿ ಇಡೀ ನೆಲವನ್ನು ತಗ್ಗಿಸಬೇಡಿ.

9 ಇಂಚು ಏರಿಸಬೇಕಾದರೆ ಸುತ್ತ ಕಟ್ಟು ಬೇಕು. ಒಂದೂವರೆ ಅಡಿ ಅಗೆದು ಮಲೆನಾಡಿನಲ್ಲಾದರೆ ಕೆಂಪುಕಲ್ಲು, ಬಯಲುಸೀಮೆಯಲ್ಲಾದರೆ ಸೈಜುಕಲ್ಲು ಕಟ್ಟಿಸುವುದು ರೂಢಿ. ಇದರಿಂದ ಇನ್ನೊಂದು ಉಪಕಾರವಿದೆ. ಹೆಗ್ಗಣಗಳು ಹಾಸಿನ ಅಂಚಿನಡಿಯಿಂದಲೇ ಬಿಲ ತೋಡಿ ಒಳಗಿನ ಮಣ್ಣನ್ನು ಹೊರಗೆ ರಾಶಿ ಹಾಕುತ್ತವೆ, ಹಾಸು ಕೆಳಗೆ ಟೊಳ್ಳಾಗುತ್ತದೆ. ಕಲ್ಲಿನ ಕಟ್ಟು ಅದನ್ನು ತಡೆಯುತ್ತದೆ.

ಕಟ್ಟಿನೊಳಗೆ ಮಣ್ಣು ತುಂಬಿ ದಮ್ಮಸಾದ ಮೇಲೆ 6 ಇಂಚು ಬೋಲ್ಡರ್ ಕಲ್ಲಿನ ಸೋಲಿಂಗ್. ಕಲ್ಲುಗಳನ್ನು ಸುರಿದರೆ ಆಗುವುದಿಲ್ಲ, ಕೈಯಲ್ಲಿ ಒತ್ತೊತ್ತಾಗಿ ಜೋಡಿಸಿ ಸಂದಿಗೆ ಚಿಪ್ಪು ಕಲ್ಲು ಬಡಿದು, ಮೇಲೆ ಜಲ್ಲಿಪುಡಿ ಎಳೆಯಬೇಕು. ಕಲ್ಲುಗಳ ನಡುವಿನ ದೊಡ್ಡ ಸಂದಿಗಳಲ್ಲಿ ನೀರು ಮೇಲೇರುವುದಿಲ್ಲ. ಸಣ್ಣ ಕಣದ ಮಣ್ಣಿನಲ್ಲಿ ಮಾತ್ರ ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ತೇವ ಏರುತ್ತದೆ. ಜಲ್ಲಿಪುಡಿಯನ್ನು ಒಂದು ಇಂಚು ನುಣ್ಣಗೆ ಎಳೆದ ಮೇಲೆ 250 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ ಹಾಸಿ. ಅಂಗಡಿಯಲ್ಲಿ 1000 ಗೇಜು ಎಂದು ಕೇಳಿದರೂ ಅದೇ. ಜೋಡಣೆಯಲ್ಲಿ ಒಂದಡಿ ಒಂದರ ಮೇಲೊಂದು ಬರಲಿ. ಈ ಹಾಳೆಗೆ ಎರಡು ಕೆಲಸ: ಕೆಳಗಿನ ತೇವವನ್ನು ಮೇಲಕ್ಕೆ ಬಿಡದಿರುವುದು, ಹಸಿ ಕಾಂಕ್ರೀಟಿನ ನೀರನ್ನು ಒಣ ನೆಲ ಹೀರಿಕೊಳ್ಳದಂತೆ ತಡೆಯುವುದು. ಗೊಬ್ಬರ, ಬೀಜ ಇಡುವ ಶೆಡ್ಡಿನಲ್ಲಿ ಇದನ್ನು ಬಿಟ್ಟರೆ ನೆಲದ ಮೇಲೆ ಇಟ್ಟ ಚೀಲದ ತಳ ಸದಾ ತಣ್ಣಗೆ, ಒದ್ದೆಯಾಗಿಯೇ ಇರುತ್ತದೆ.

ಮೂಲೆ ಮಟ್ಟದ ಮಾತು ಬೇಗ ಮುಗಿಸುತ್ತೇನೆ, ಮೇಸ್ತ್ರಿಗಳಿಗೆ ಇದು ನೀರು ಕುಡಿದಷ್ಟು ಸುಲಭ. ಒಂದು ಮೂಲೆಯಿಂದ ಒಂದು ಬದಿಗೆ 6 ಅಡಿ, ಇನ್ನೊಂದು ಬದಿಗೆ 8 ಅಡಿ ಗುರುತು ಹಾಕಿ. ಎರಡು ಗುರುತಿನ ನಡುವೆ ಸರಿಯಾಗಿ 10 ಅಡಿ ಬಂದರೆ ಮೂಲೆ ಚೊಕ್ಕವಾಗಿದೆ. 10ಕ್ಕೆ 12 ಅಡಿಯ ಹಾಸಿನ ಎರಡೂ ಕರ್ಣ 15 ಅಡಿ ಏಳೂವರೆ ಇಂಚಿನ ಹತ್ತಿರ ಒಂದೇ ಅಳತೆ ಬರಬೇಕು. ಟ್ಯೂಬ್ ಲೆವೆಲ್ ಹಿಡಿದು ನಾಲ್ಕೂ ಮೂಲೆಗೆ ಮಟ್ಟ ಹಾಕಿ, ಬಾಗಿಲಿನ ಕಡೆಗೆ ಒಂದು ಇಂಚು ಇಳಿಕೆ ಕೊಡಿ.

ಕಲಸುವ ನೀರು

ಇಲ್ಲಿಯೇ ಹೆಚ್ಚು ನೆಲಗಳು ಕೆಡುವುದು. 120 ಚದರ ಅಡಿಗೆ 4 ಇಂಚು ದಪ್ಪವೆಂದರೆ 40 ಘನ ಅಡಿ ಕಾಂಕ್ರೀಟ್. ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, ಮೂರು ಪಾಲು ಮುಕ್ಕಾಲಿಂಚು ಜಲ್ಲಿಯ ಎಂ20 ಮಿಶ್ರಣಕ್ಕೆ 9 ಚೀಲ ಸಿಮೆಂಟ್, 17 ಘನ ಅಡಿ ಮರಳು, 34 ಘನ ಅಡಿ ಜಲ್ಲಿ ಬೇಕಾಗುತ್ತದೆ. ಸೋರಿಕೆಗೆಂದು ಒಂದು ಚೀಲ ಹೆಚ್ಚಿಗೆ ತರಿಸಿ. 20 ಎಂಬ ಸಂಖ್ಯೆ 28 ದಿನಕ್ಕೆ ಅದು ತಾಳಬೇಕಾದ ಒತ್ತಡವನ್ನು ಹೇಳುತ್ತದೆ: ಒಂದು ಚದರ ಮಿಲಿಮೀಟರಿಗೆ 20 ನ್ಯೂಟನ್, ಅಂದರೆ ಸುಮಾರು 2 ಕೆಜಿ. ಕಂಬದ ಗುಂಡಿಗೆ 1:2:4 ಸಾಕು.

ಕಾಂಕ್ರೀಟ್ ಕೆಲಸಕ್ಕೆ ನಮ್ಮ ದೇಶದ ಮಾನಕ ಐಎಸ್ 456, 2000ನೇ ಇಸವಿಯ ಪರಿಷ್ಕರಣೆ. ಅದರಂತೆ ಎಂ20 ಮಿಶ್ರಣದಲ್ಲಿ ಒಂದು ಚೀಲ ಸಿಮೆಂಟಿಗೆ ಹೆಚ್ಚೆಂದರೆ 30 ಲೀಟರ್ ನೀರು. 15 ಲೀಟರಿನ ಬಕೆಟ್ಟಿನಲ್ಲಿ ಎರಡು. ಮರಳು ಒದ್ದೆಯಿದ್ದರೆ ಅದರಲ್ಲಿರುವ ನೀರನ್ನೂ ಇದರಲ್ಲೇ ಕಳೆಯಬೇಕು. ಸಿಮೆಂಟು ಗಟ್ಟಿಯಾಗುವ ರಾಸಾಯನಿಕ ಕ್ರಿಯೆಗೆ ನಿಜವಾಗಿ ಬೇಕಾದದ್ದು ಅದರ ತೂಕದ ಕಾಲು ಭಾಗದಷ್ಟು ನೀರು, ಚೀಲಕ್ಕೆ 12 ಲೀಟರಿನ ಆಸುಪಾಸು. ಉಳಿದದ್ದು ಕಲಸಿ ಎಳೆಯಲು ಅನುಕೂಲವಾಗಲೆಂದು ಹಾಕುವುದು. ಆ ಹೆಚ್ಚಿನ ನೀರು ಮುಂದೆ ಆವಿಯಾಗಿ ಹೋದ ಜಾಗದಲ್ಲಿ ಕಣ್ಣಿಗೆ ಕಾಣದ ರಂಧ್ರ ಉಳಿಯುತ್ತದೆ. ರಂಧ್ರ ಹೆಚ್ಚಿದಷ್ಟೂ ಬಲ ಕಡಿಮೆ, ಕುಗ್ಗುವಿಕೆ ಹೆಚ್ಚು. ಅಮೆರಿಕದ ಡಫ್ ಏಬ್ರಮ್ಸ್ 1918ರಲ್ಲೇ ಈ ಸಂಬಂಧವನ್ನು ಸೂತ್ರವಾಗಿ ಕೊಟ್ಟಿದ್ದಾರೆ.

ಎರಡನೆಯ ನೆಲ ಹಾಕುವಾಗ ನಮ್ಮ ಮೇಸ್ತ್ರಿ ಮೂರನೆಯ ಬಕೆಟ್ಟಿಗೆ ಕೈ ಹಾಕಿದ್ದರು.

“ನೀರು ಕಮ್ಮಿ ಆದ್ರೆ ಮಾಲು ಓಡಲ್ಲ ಸಾರ್. ಎಳೆಯೋಕೆ ಕೈ ಸೋಲುತ್ತೆ.”

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಗಟ್ಟಿ ಮಾಲನ್ನು ಎಳೆಯುವುದು ನಿಜವಾಗಿಯೂ ಶ್ರಮದ ಕೆಲಸ. ಹೆಚ್ಚಿಗೆ ಒಬ್ಬ ಆಳನ್ನು ಕರೆಸಿದೆವು, ಬಕೆಟ್ಟು ಎರಡಕ್ಕೇ ನಿಂತಿತು. ಒಂದು ಆಳಿನ ಕೂಲಿ ಉಳಿಸಲು ಹೋಗಿ ನೆಲದ ಬಲ ಕಳೆದುಕೊಳ್ಳುವುದು ಯಾವ ಲೆಕ್ಕಕ್ಕೂ ಹೊಂದುವುದಿಲ್ಲ.

ಅಳತೆಯ ವಿಷಯದಲ್ಲಿ ಇನ್ನೊಂದು ಮಾತು. ಬಾಂಡ್ಲಿ ಲೆಕ್ಕದಲ್ಲಿ ಒಬ್ಬರು ತಟ್ಟೆಯಂತೆ ತುಂಬುತ್ತಾರೆ, ಇನ್ನೊಬ್ಬರು ಗೋಪುರ ಕಟ್ಟುತ್ತಾರೆ. ಒಂದು ಚೀಲ ಸಿಮೆಂಟಿನ ಗಾತ್ರ ಸುಮಾರು 35 ಲೀಟರ್. 40 ಸೆಂ.ಮೀ. ಉದ್ದ, 35 ಅಗಲ, 25 ಎತ್ತರದ ಒಂದು ಮರದ ಪೆಟ್ಟಿಗೆ ಮಾಡಿಕೊಂಡರೆ ಸರಿಯಾಗಿ ಅಷ್ಟೇ ಹಿಡಿಯುತ್ತದೆ. ಒಂದು ಚೀಲಕ್ಕೆ ಒಂದೂವರೆ ಪೆಟ್ಟಿಗೆ ಮರಳು, ಮೂರು ಪೆಟ್ಟಿಗೆ ಜಲ್ಲಿ. ಸ್ವಲ್ಪ ತೇವವಿರುವ ಮರಳು ಉಬ್ಬಿಕೊಂಡಿರುತ್ತದೆ, ಗಾತ್ರದಲ್ಲಿ ನೂರಕ್ಕೆ 20ರಿಂದ 30ರಷ್ಟು ಹೆಚ್ಚು ಕಾಣಬಹುದು. ಹಾಗಿದ್ದಾಗ ಪೆಟ್ಟಿಗೆಯ ಮೇಲೆ ಒಂದು ಕಾಲು ಭಾಗ ಹೆಚ್ಚಿಗೆ ಹಾಕಿಸಿ. ಮರಳಿನಲ್ಲಿ ಮಣ್ಣೆಷ್ಟಿದೆ ಎಂದು ನೋಡಲು ಗಾಜಿನ ಬಾಟಲಿಗೆ ಅರ್ಧ ಮರಳು, ಮೇಲೆ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಮೂರು ತಾಸು ಇಡಿ. ಮೇಲೆ ಕೂತ ಮಣ್ಣಿನ ಪದರ ಮರಳಿನ ನೂರಕ್ಕೆ 8 ಪಾಲು ದಾಟಿದರೆ ಆ ಲೋಡನ್ನು ತೊಳೆಯದೆ ಬಳಸಬೇಡಿ. ಎಂ-ಸ್ಯಾಂಡ್ ಕೊಳ್ಳುವಾಗ ಅದರ ಹೆಸರಿನಲ್ಲಿ ಬರೀ ಕ್ರಷರ್ ಪುಡಿ ಬಂದಿಲ್ಲವೇ ನೋಡಿಕೊಳ್ಳಿ. ಮುಷ್ಟಿಯಲ್ಲಿ ಉಜ್ಜಿದಾಗ ಹಿಟ್ಟಿನಂತೆ ಅಂಟಿದರೆ ಅದು ಕಾಂಕ್ರೀಟಿಗಲ್ಲ. ಸಿಮೆಂಟ್ ಚೀಲದ ಮೇಲೆ ತಯಾರಾದ ವಾರ, ತಿಂಗಳು ಅಚ್ಚಾಗಿರುತ್ತದೆ. ಮೂರು ತಿಂಗಳು ದಾಟಿದ ಚೀಲವನ್ನು ನೆಲಕ್ಕೆ ಬಳಸದಿರುವುದೇ ಒಳಿತು.

ಹಾಕುವ ದಿನ

ಬೆಳಗ್ಗೆ ಬೇಗ ಶುರು ಮಾಡಿ. ನೀರು ಸೇರಿದ ಅರ್ಧ ಗಂಟೆಯೊಳಗೆ ಮಾಲು ಜಾಗ ಸೇರಿರಬೇಕು. ಗಟ್ಟಿಯಾಗತೊಡಗಿದ ಮಾಲಿಗೆ ಮತ್ತೆ ನೀರು ಹಾಕಿ ಕಲಸುವುದು ಸಿಮೆಂಟನ್ನು ಚರಂಡಿಗೆ ಚೆಲ್ಲಿದಂತೆಯೇ.

ಕಬ್ಬಿಣ ಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಬರೀ ಸಾಮಾನು ಇಡುವ ಶೆಡ್ಡಿಗೆ, ಅಡಿಯ ನೆಲ ಗಟ್ಟಿಯಿದ್ದರೆ, ಬೇಡ. ತುಂಬಿದ ಮಣ್ಣಿನ ಮೇಲೆ, ಎರೆ ಭೂಮಿಯಲ್ಲಿ, ಅಥವಾ ಟಿಲ್ಲರು ನಿಲ್ಲುವ ಕಡೆ ಹಾಕಿಸಿ. 8 ಮಿ.ಮೀ. ಸರಳನ್ನು ಅಡಿಗೊಂದರಂತೆ ಎರಡೂ ಕಡೆಗೆ ಹೆಣೆದರೆ ಇಷ್ಟು ನೆಲಕ್ಕೆ 32 ಕೆಜಿ ಸಾಕು. ಕಬ್ಬಿಣ ಬಿರುಕನ್ನು ತಡೆಯುವುದಿಲ್ಲ, ಬಿಟ್ಟ ಬಿರುಕು ಅಗಲವಾಗದಂತೆ ಹಿಡಿಯುತ್ತದೆ. ಆ ಕೆಲಸ ಮಾಡಬೇಕಾದರೆ ಅದು ಹಾಸಿನ ನಡುವಿಗಿಂತ ತುಸು ಮೇಲೆ, ಕವರ್ ಬ್ಲಾಕಿನ ಮೇಲೆ ಕೂತಿರಬೇಕು. ಪ್ಲಾಸ್ಟಿಕ್ ಹಾಳೆಯ ಮೇಲೆಯೇ ಬಿದ್ದಿರುವ ಸರಳಿಗೆ ಕೊಟ್ಟ ದುಡ್ಡು ಮಣ್ಣುಪಾಲು. ಟ್ರ್ಯಾಕ್ಟರ್ ಒಳಗೆ ಬರುವುದಾದರೆ ಹಾಸನ್ನೇ 6 ಇಂಚು ಮಾಡಿಸಿ.

ಸುರಿದ ಮಾಲನ್ನು ಸರಳಿನಿಂದ ತಿವಿದು ಕೂರಿಸಿ, ಅಂಚಿನಲ್ಲಿ, ಮೂಲೆಯಲ್ಲಿ ವಿಶೇಷವಾಗಿ. ನೂರಕ್ಕೆ 5 ಪಾಲು ಗಾಳಿ ಒಳಗುಳಿದರೂ ಬಲದಲ್ಲಿ ಮೂರನೆಯ ಒಂದು ಪಾಲಿನಷ್ಟು ಹೋಗುತ್ತದೆ. ಪಟ್ಟಿ ಎಳೆದು ಮಟ್ಟ ಮಾಡಿದ ಮೇಲೆ ಮೇಲ್ಮೈಯಲ್ಲಿ ನೀರು ತೇಲುತ್ತದೆ. ಆ ನೀರು ತಾನಾಗಿ ಆರುವವರೆಗೆ ಕರಣೆ ಮುಟ್ಟಿಸಬಾರದು. ಬೇಗ ಆರಲೆಂದು ಒಣ ಸಿಮೆಂಟ್ ಎರಚಿ ಉಜ್ಜುವ ಅಭ್ಯಾಸ ಎಲ್ಲ ಕಡೆ ಇದೆ. ನೋಡಲು ಹೊಳೆಯುತ್ತದೆ, ವರ್ಷದೊಳಗೆ ಸಿಪ್ಪೆಯಂತೆ ಏಳುತ್ತದೆ. ಶೆಡ್ಡಿಗೆ ಹೊಳಪು ಬೇಕಾಗಿಲ್ಲ, ಮರದ ಪಟ್ಟಿಯಿಂದ ಒರಟಾಗಿ ಉಜ್ಜಿಸಿ. ಒದ್ದೆ ಕಾಲಿನಲ್ಲಿ ಏಣಿ ಹೊತ್ತು ಬರುವವರು ಜಾರುವುದೂ ತಪ್ಪುತ್ತದೆ.

ಕಾಂಕ್ರೀಟ್ ಒಣಗುವಾಗ ಕುಗ್ಗುವುದು ಅದರ ಸ್ವಭಾವ. ಎಲ್ಲಿ ಬಿರುಕು ಬಿಡಬೇಕೆಂದು ನಾವೇ ತೋರಿಸಿಕೊಟ್ಟರೆ ಅದು ಅಲ್ಲಿಯೇ ಬಿಡುತ್ತದೆ. 4 ಇಂಚಿನ ಹಾಸಿಗೆ 8ರಿಂದ 12 ಅಡಿಗೊಂದು ಗೆರೆ ಬೇಕೆನ್ನುವುದು ಸಾಮಾನ್ಯ ನಿಯಮ. 12 ಅಡಿ ಉದ್ದದ ನಡುವೆ, 6 ಅಡಿಗೆ, ಅಡ್ಡಲಾಗಿ ಒಂದು ಇಂಚು ಆಳದ ಗೆರೆ ಒತ್ತಿಸಿ. ಕುಗ್ಗಿದಾಗಿನ ಬಿರುಕು ಆ ಗೆರೆಯ ಬುಡದಲ್ಲೇ ಇಳಿಯುತ್ತದೆ, ಹೊರಗೆ ಕಾಣುವುದಿಲ್ಲ.

ಕುಡಿಸುವ ನೀರು

ಕಾಂಕ್ರೀಟ್ ಒಣಗಿ ಗಟ್ಟಿಯಾಗುವುದಲ್ಲ. ನೀರಿನೊಂದಿಗೆ ಸೇರಿ, ವಾರಗಟ್ಟಲೆ ಬೆಳೆದು ಗಟ್ಟಿಯಾಗುವುದು. ನಡುವೆ ನೀರು ನಿಂತರೆ ಬೆಳೆಯುವುದೂ ನಿಂತುಬಿಡುತ್ತದೆ. ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿಗೆ ಕನಿಷ್ಠ 10 ದಿನ, ಅದನ್ನು 14ಕ್ಕೆ ಒಯ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ಐಎಸ್ 456. ಬಿಸಿಲಿನ ಒಣ ಹವೆಯಲ್ಲಿ ಯಾವ ಸಿಮೆಂಟಾದರೂ 10 ದಿನಕ್ಕೆ ಕಡಿಮೆಯಿಲ್ಲ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಪಿಪಿಸಿಯೇ ಆದ್ದರಿಂದ 14 ದಿನ ಎಂದೇ ಹಿಡಿಯಿರಿ.

ದಿನಕ್ಕೆ ಎರಡು ಸಲ ಪೈಪು ಹಿಡಿದು ಚಿಮುಕಿಸುವುದಕ್ಕೆ ಕ್ಯೂರಿಂಗ್ ಎನ್ನುವುದು ತಪ್ಪು. ಒದ್ದೆ, ಒಣ, ಒದ್ದೆ, ಒಣ ಎಂದು ಆಡಿಸಿದರೆ ಮೇಲ್ಮೈ ಜೇಡರ ಬಲೆಯಂತೆ ಬಿರಿಯುತ್ತದೆ. ಸುತ್ತ ಮಣ್ಣಿನ ಸಣ್ಣ ಬದು ಕಟ್ಟಿ ಒಂದು ಇಂಚು ನೀರು ನಿಲ್ಲಿಸಿ. ಇಷ್ಟು ನೆಲಕ್ಕೆ ಒಂದು ಸಲ ತುಂಬಲು ಸುಮಾರು 280 ಲೀಟರ್, ಆಮೇಲೆ ಇಳಿದಷ್ಟು ತುಂಬಿದರಾಯಿತು. ನೀರಿನ ಕೊರತೆಯಿರುವ ಕಡೆ ಗೋಣಿಚೀಲ, ಹುಲ್ಲು, ಅಡಿಕೆ ಸೋಗೆ ಹಾಸಿ ನೆನೆಸಿ ಮೇಲೆ ಪ್ಲಾಸ್ಟಿಕ್ ಮುಚ್ಚಿ ಕಲ್ಲು ಹೇರಿ. ಬಳ್ಳಾರಿ, ರಾಯಚೂರಿನ ಬಿಸಿಗಾಳಿಯಲ್ಲಿ ಹಾಕಿದ ಮೂರು ನಾಲ್ಕು ತಾಸಿನಲ್ಲೇ ಮೇಲ್ಮೈ ಸೀಳಬಹುದು. ಅಲ್ಲಿ ಕರಣೆ ಎತ್ತಿದ ಕೂಡಲೇ ಹಾಳೆ ಮುಚ್ಚುವುದು ಸರಿ.

ಮಾರನೆಯ ದಿನ ಅದರ ಮೇಲೆ ನಡೆಯಬಹುದು, ವಾರ ಕಳೆದರೆ ಮಾಡಿನ ಕೆಲಸ ಹಿಡಿಯಬಹುದು. ಗೊಬ್ಬರ ಪೇರಿಸಲು ಎರಡು ವಾರ, ಟಿಲ್ಲರು ಹತ್ತಿಸಲು 28 ದಿನ ಕಾಯಿರಿ.

ಇಷ್ಟು ಮಾಡಿದ ನೆಲವನ್ನು ಕೆಡಿಸುವ ಒಂದು ವಸ್ತು ಅಡಿಕೆ ಬೆಳೆಗಾರರ ಪ್ರತಿ ಶೆಡ್ಡಿನಲ್ಲೂ ಇರುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಮೈಲುತುತ್ತ. ಅದರಲ್ಲಿರುವ ಸಲ್ಫೇಟ್ ಕಾಂಕ್ರೀಟನ್ನು ಒಳಗಿನಿಂದ ತಿನ್ನುತ್ತದೆ, ತಾಮ್ರದ ಅಂಶ ಕಬ್ಬಿಣವನ್ನು ಕರಗಿಸುತ್ತದೆ. ಮೈಲುತುತ್ತ ನೆನೆಹಾಕುವ ಪ್ಲಾಸ್ಟಿಕ್ ಡ್ರಮ್ಮನ್ನು ಕಂಬದ ಬುಡದಲ್ಲಿ ಇಡಲೇಬೇಡಿ, ಚೆಲ್ಲಿದರೆ ಆಗಲೇ ತೊಳೆಯಿರಿ. ಅಮೋನಿಯಂ ಸಲ್ಫೇಟ್, ಪೊಟ್ಯಾಷ್ ಚೀಲಗಳೂ ನೆಲ ಮುಟ್ಟದಂತೆ ಅಡಿಕೆ ದಬ್ಬೆಯ ಅಟ್ಟಣಿಗೆಯ ಮೇಲಿರಲಿ.

ಎಲ್ಲ ಶೆಡ್ಡಿಗೂ ಕಾಂಕ್ರೀಟ್ ಬೇಕೆಂದು ನಾನು ಹೇಳುವುದಿಲ್ಲ. ಸೌದೆ, ತೆಂಗಿನ ಮಟ್ಟೆ, ಒಣಹುಲ್ಲು ಇಡುವ ಜಾಗಕ್ಕೆ ದಮ್ಮಸು ಮಾಡಿದ ಗರಸು ಸಾಕು. ಕಲಬುರಗಿ ಕಡೆ ಶಹಾಬಾದ್ ಕಲ್ಲು, ಕೋಲಾರದ ಕಡೆ ಚಪ್ಪಡಿ ಹತ್ತಿರದಲ್ಲೇ ಸಿಗುವಾಗ ಅವೇ ಲೇಸು, ಕುಸಿದರೆ ಎಬ್ಬಿಸಿ ಮತ್ತೆ ಕೂರಿಸಬಹುದು. ಯಂತ್ರ, ಗೊಬ್ಬರ, ಬೀಜ ಇಡುವಲ್ಲಿ ಮಾತ್ರ ಕಾಂಕ್ರೀಟಿಗೆ ಹಾಕಿದ ಹಣ ಸಾರ್ಥಕ.

ಮಲೆನಾಡಿನವರು ಕೊಯ್ಲು ಮುಗಿದು ಬಾವಿಯಲ್ಲಿ ಇನ್ನೂ ನೀರಿರುವ ಫೆಬ್ರವರಿಯಲ್ಲಿ ಈ ಕೆಲಸ ಇಟ್ಟುಕೊಳ್ಳಿ. ಬಯಲುಸೀಮೆಯವರಿಗೆ ಡಿಸೆಂಬರ್, ಜನವರಿ ಒಳ್ಳೆಯದು. ಮಣ್ಣು ತುಂಬಿಸುವುದಿದ್ದರೆ ಈ ವರ್ಷ ಅದನ್ನಷ್ಟೇ ಮಾಡಿ, ಕಾಂಕ್ರೀಟನ್ನು ಬರುವ ವರ್ಷಕ್ಕೆ ಬಿಡಿ. ಹಾಸು ಹಾಕಿದ ಮೇಲೆ ಎರಡು ವಾರ ದಿನಾ ನೀರು ನೋಡಿಕೊಳ್ಳಲು ಮನೆಯಲ್ಲಿ ಯಾರಾದರೂ ಇರುತ್ತಾರೆಯೇ ಎಂದು ಮೊದಲು ಕೇಳಿಕೊಂಡು, ಆಮೇಲೆ ಮೇಸ್ತ್ರಿಗೆ ಹೇಳಿ ಕಳಿಸಿ.